ಬಾನಗಿಯ ತಟ್ಟೆ: ೧೯೭೦ರ ದಶಕದ ಆದಿಭಾಗದ ಜಾಝ್ ಸಂಗೀತವೂ ಅದರ ಸಂಕಲನ ಮುದ್ರಿಕೆಗಳೂ

ಧಾನ್ಯದ ವ್ಯಾಪಾರಿಯು ಕೊಳ್ಳಬಂದವನಿಗೆ ಮೂಟೆಯನ್ನೆಲ್ಲ ಬಿಚ್ಚಿ ಸುರಿಯುವುದಿಲ್ಲ. ಒಂದು ಹಿಡಿ ಕಾಳನ್ನು ಅಂಗೈಯಲ್ಲಿಟ್ಟು ತೋರಿಸುತ್ತಾನೆ. ಪೇಟೆಯ ಮಾತಿನಲ್ಲಿ ಇದಕ್ಕೆ ಬಾನಗಿ ಎಂದು ಹೆಸರು. ಹಿಡಿಯಲ್ಲಿರುವ ಕಾಳಿನಂತೆಯೇ ಮೂಟೆಯೊಳಗಣ ಕಾಳೂ ಇರುತ್ತದೆಂಬ ನಂಬಿಕೆಯೇ ಬಾನಗಿಗೆ ಆಧಾರ. ಪಾಶ್ಚಾತ್ಯ ದೇಶಗಳ ಗ್ರಾಮಫೋನ್ ಕಂಪನಿಗಳು ಇದೇ ನಂಬಿಕೆಯನ್ನು ಅನುಸರಿಸಿ, ತಮ್ಮಲ್ಲಿರುವ ಹಲವು ವಾದಕರ ಹಲವು ತಟ್ಟೆಗಳಿಂದ ಒಂದೊಂದು ರಚನೆಯನ್ನು ಆಯ್ದು, ಅವನ್ನು ಒಂದೇ ತಟ್ಟೆಯಲ್ಲಿ ಅಳವಡಿಸಿ, ಕಡಮೆ ಬೆಲೆಗೆ ಮಾರುತ್ತಿದ್ದವು. ಇಂಥ ತಟ್ಟೆಗೆ ಅಲ್ಲಿ ‘ಸ್ಯಾಂಪ್ಲರ್’ ಎಂದು ಹೆಸರು. ನಾವು ಇದನ್ನು ಬಾನಗಿ ತಟ್ಟೆ ಎಂದು ಕರೆಯಬಹುದು.

ಕಾಳಿನ ವಿಷಯದಲ್ಲಿ ಸಲ್ಲುವ ನಂಬಿಕೆ ಸಂಗೀತದ ವಿಷಯದಲ್ಲಿಯೂ ಸಲ್ಲುತ್ತದೆಯೇ ಎಂಬುದೇ ಪ್ರಕೃತ ಲೇಖನದ ವಿಚಾರ. ಇದಕ್ಕೆ ೧೯೭೦ರ ದಶಕದ ಮೊದಲ ನಾಲ್ಕೈದು ವರ್ಷಗಳ ಜಾಝ್ ಸಂಗೀತವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಹಿಡಿಯಲ್ಲಿ ಎತ್ತಿ ತೋರಿಸಲಾಗದಷ್ಟು ದೀರ್ಘವಾಗಿ ಜಾಝ್ ರಚನೆ ಬೆಳೆದುದು ಆ ಕಾಲದಲ್ಲಿ. ಅದನ್ನು ಹಿಡಿಯಲ್ಲಿ ಎತ್ತಿ ತೋರಿಸುವ ತಟ್ಟೆಗಳು ಒಂದರ ಮೇಲೊಂದು ಹೊರಬಂದುದೂ ಆ ಕಾಲದಲ್ಲಿಯೇ.

ಜಾಝ್ ಸಂಗೀತದ ಪರಿಚಯವಿಲ್ಲದ ವಾಚಕರಿಗಾಗಿ ಒಂದೆರಡು ಮಾತುಗಳನ್ನು ಮೊದಲೇ ಹೇಳುವುದು ಯುಕ್ತ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ನೀಗ್ರೋ ಜನಾಂಗದವರಲ್ಲಿ, ಅಂದರೆ ಇಂದು ಆಫ್ರಿಕನ್ ಅಮೆರಿಕನ್ನರೆಂದು ಕರೆಯಲಾಗುವವರಲ್ಲಿ, ರೂಪುಗೊಂಡ ವಾದ್ಯಸಂಗೀತವಿದು. ಇದರ ಸಾಮಾನ್ಯ ಕ್ರಮ ಹೀಗೆ: ಮೊದಲು ಎಲ್ಲರೂ ಕೂಡಿ ಒಂದು ಮಟ್ಟನ್ನು ನುಡಿಸುತ್ತಾರೆ, ಬಳಿಕ ಒಬ್ಬೊಬ್ಬ ವಾದಕನೂ ಆ ಮಟ್ಟಿನ ಸ್ವರಮೇಳವನ್ನು ಆಧಾರವಾಗಿಟ್ಟುಕೊಂಡು ತನ್ನ ಕಲ್ಪನೆಯನ್ನು ಹರಿಯಬಿಡುತ್ತಾನೆ, ಕೊನೆಯಲ್ಲಿ ಎಲ್ಲರೂ ಮಟ್ಟಿಗೆ ಹಿಂದಿರುಗುತ್ತಾರೆ. ಕರ್ಣಾಟಕ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ ನಡುವಣ ಭಾಗವೆಲ್ಲ ಮನೋಧರ್ಮ ಸಂಗೀತ. ರಾಗಾಲಾಪನೆಯ ಸ್ವಾರಸ್ಯ ಹೇಗೆ ಅದರ ವಿಸ್ತಾರದಲ್ಲಿದೆಯೋ, ಒಂದೊಂದೇ ಸ್ವರವನ್ನು ಸಾವಕಾಶವಾಗಿ ಬಿಡಿಸುವುದರಲ್ಲಿದೆಯೋ, ಜಾಝ್ ವಾದಕನ ಸ್ವಾರಸ್ಯವೂ ಹಾಗೆಯೇ.

ಆದರೆ ಈ ವಿಸ್ತಾರಕ್ಕೆ ಯಂತ್ರ ಬಹುಕಾಲ ಎಡೆಗೊಡಲಿಲ್ಲ. ನಿಮಿಷಕ್ಕೆ ೭೮ ಸುತ್ತು ತಿರುಗುವ ಹಳೆಯ ಪ್ಲೇಟಿನ ಒಂದು ಪಾರ್ಶ್ವದಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ. ನಮ್ಮ ಹಿರಿಯ ವಿದ್ವಾಂಸರ ಹಳೆಯ ಪ್ಲೇಟುಗಳನ್ನು ಕೇಳಿದವರಿಗೆ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ: ಪಲ್ಲವಿ, ಅನುಪಲ್ಲವಿ, ಚರಣಗಳನ್ನು ಅವಸರದಲ್ಲಿ ಮುಗಿಸಿ, ನಾಲ್ಕು ಆವರ್ತ ಸ್ವರ ಹಾಕುವಷ್ಟರಲ್ಲಿ ಮುಳ್ಳು ಒಳಗಿನ ಅಂಚನ್ನು ಮುಟ್ಟಿರುತ್ತದೆ. ೧೯೪೮ರಲ್ಲಿ ಕೊಲಂಬಿಯಾ ಕಂಪನಿಯು ನಿಮಿಷಕ್ಕೆ ೩೩⅓ ಸುತ್ತಿನ, ವಿನೈಲ್ ಎಂಬ ಕೃತಕ ವಸ್ತುವಿನಿಂದ ತಯಾರಾದ ದೀರ್ಘ ತಟ್ಟೆಯನ್ನು ಬಳಕೆಗೆ ತಂದಿತು. ಅಲ್ಲಿಂದ ಮುಂದೆ ಒಂದು ಪಾರ್ಶ್ವಕ್ಕೆ ಇಪ್ಪತ್ತು ಇಪ್ಪತ್ತೆರಡು ನಿಮಿಷದ ಅವಕಾಶ ದೊರೆಯಿತು. ಅದೇ ಕಂಪನಿಯು ೧೯೫೫ರಲ್ಲಿ ‘ಐ ಲೈಕ್ ಜಾಝ್!’ ಎಂಬ ಬಾನಗಿ ತಟ್ಟೆಯನ್ನು ಒಂದು ಡಾಲರಿಗಿಂತ ಕಡಮೆ ಬೆಲೆಗೆ ಹೊರತಂದಿತು. ಆ ಕಾಲದ ಜಾಝ್ ರಚನೆಗಳು ಬಹುಪಾಲು ಮೂರರಿಂದ ಹತ್ತು ನಿಮಿಷದವು. ಆದುದರಿಂದ ಒಂದೊಂದು ರಚನೆಯನ್ನು ಇಡಿಯಾಗಿಯೇ ಎತ್ತಿ ಬಾನಗಿಯಲ್ಲಿಡಲು ಅಡ್ಡಿಯಿರಲಿಲ್ಲ. ಆಗಿನ ಬಾನಗಿ, ಕಾಳಿನ ಬಾನಗಿಯಷ್ಟಲ್ಲದಿದ್ದರೂ, ಸಾಕಷ್ಟು ಪ್ರಾಮಾಣಿಕವಾಗಿತ್ತು.

೧೯೬೦ರ ದಶಕದ ಉತ್ತರಾರ್ಧದಲ್ಲಿ ಈ ಸ್ಥಿತಿ ಬದಲಾಯಿತು. ಜಾನ್ ಕೋಲ್ಟ್ರೇನ್ ೧೯೬೪ರ ಡಿಸೆಂಬರಿನಲ್ಲಿ ನುಡಿಸಿ ೧೯೬೫ರಲ್ಲಿ ಪ್ರಕಟವಾದ ‘ಎ ಲವ್ ಸುಪ್ರೀಮ್’ ನಾಲ್ಕು ಭಾಗಗಳ ಒಂದೇ ರಚನೆ. ಅದು ಇಡೀ ತಟ್ಟೆಯನ್ನು ವ್ಯಾಪಿಸುತ್ತದೆ. ಸ್ವರಮೇಳಗಳು ಪದೇ ಪದೇ ಬದಲಾಗುವ ಹಳೆಯ ಕ್ರಮವನ್ನು ಬಿಟ್ಟು, ಒಂದೇ ಶ್ರುತಿಯ ಮೇಲೆ ಒಂದೇ ಸ್ವರಶ್ರೇಣಿಯನ್ನು ಬೆಳೆಸುವ ಪದ್ಧತಿಗೆ ಅನೇಕರು ತಿರುಗಿದರು. ಇದಕ್ಕೆ ಭಾರತೀಯ ಸಂಗೀತದ ಶ್ರವಣವೂ ಒಂದು ಪ್ರೇರಣೆ. ಕೋಲ್ಟ್ರೇನನಿಗೆ ಪಂಡಿತ ರವಿಶಂಕರರಲ್ಲಿದ್ದ ಗೌರವ ಎಷ್ಟೆಂದರೆ ೧೯೬೫ರಲ್ಲಿ ಹುಟ್ಟಿದ ತನ್ನ ಮಗನಿಗೆ ರವಿ ಎಂದೇ ಹೆಸರಿಟ್ಟನು. ಒಂದೇ ಆಧಾರಶ್ರುತಿಯ ಮೇಲೆ ನಿಂತ ಸಂಗೀತ ಹತ್ತು ನಿಮಿಷಕ್ಕೆ ನಿಲ್ಲಬೇಕೆಂಬ ನಿಯಮವೇನೂ ಇಲ್ಲ. ನಮಗಿದು ಹೊಸ ಮಾತಲ್ಲ. ಇದರ ಜೊತೆಗೆ ವಿದ್ಯುದ್ವಾದ್ಯಗಳು ಬಂದವು, ಎಫ್.ಎಂ. ರೇಡಿಯೋ ನಿಲಯಗಳಲ್ಲಿ ಕೆಲವು ದೀರ್ಘ ರಚನೆಗಳನ್ನೂ ಬಿತ್ತರಿಸತೊಡಗಿದವು.

ಈ ಬೆಳವಣಿಗೆಯ ಅಳತೆಗಾಗಿ ಒಂದು ನಿದರ್ಶನ ಸಾಕು. ಕೋಲ್ಟ್ರೇನನೊಡನೆ ನುಡಿಸುತ್ತಿದ್ದ ಫೇರೋ ಸ್ಯಾಂಡರ್ಸ್ ೧೯೬೯ರಲ್ಲಿ ‘ಕರ್ಮ’ ಎಂಬ ತಟ್ಟೆಯನ್ನು ಹೊರತಂದನು. ಅದರ ಪ್ರಧಾನ ರಚನೆಯಾದ ‘ದ ಕ್ರಿಯೇಟರ್ ಹ್ಯಾಜ್ ಎ ಮಾಸ್ಟರ್ ಪ್ಲಾನ್’ ಸುಮಾರು ೩೩ ನಿಮಿಷದ್ದು. ಒಂದು ಪಾರ್ಶ್ವದಲ್ಲಿ ಅದು ಹಿಡಿಯಲಿಲ್ಲ. ಮೊದಲ ಪಾರ್ಶ್ವದ ಕೊನೆಯಲ್ಲಿ ಧ್ವನಿ ಮೆಲ್ಲನೆ ಅಡಗುತ್ತದೆ. ಕೇಳುಗನು ಎದ್ದು ತಟ್ಟೆಯನ್ನು ಮಗುಚಿ ಹಾಕಿದ ಮೇಲೆ ಎರಡನೆಯ ಪಾರ್ಶ್ವದಲ್ಲಿ ಅದೇ ಧ್ವನಿ ಮೆಲ್ಲನೆ ಏಳುತ್ತದೆ. ಎರಡು ಸ್ವರಗಳ ನಡುವೆ ತೂಗುವ ಒಂದು ಬಾಸ್ ಪಲುಕು, ಅದರ ಮೇಲೆ ಲಿಯಾನ್ ಥಾಮಸನ ಕಂಠ, ಮೆಲ್ಲನೆ ಏರಿ ಕೊನೆಗೆ ಆರ್ಭಟವಾಗುವ ಸ್ಯಾಕ್ಸೊಫೋನ್, ಮತ್ತೆ ಶಾಂತಿ: ಇದು ಅದರ ಶರೀರ. ಮೊದಲ ಐದು ನಿಮಿಷವನ್ನು ಮಾತ್ರ ಕೇಳಿದವನು ಇದೊಂದು ಮಧುರವಾದ ಪ್ರಾರ್ಥನೆಯೆಂದು ತಿಳಿಯುತ್ತಾನೆ. ನಡುವಣ ಐದು ನಿಮಿಷವನ್ನು ಮಾತ್ರ ಕೇಳಿದವನು ಕಿವಿ ಮುಚ್ಚಿಕೊಳ್ಳುತ್ತಾನೆ. ಇಬ್ಬರ ಅಭಿಪ್ರಾಯವೂ ತಪ್ಪು. ಶಾಂತಿಯಿಂದ ಆರ್ಭಟಕ್ಕೂ ಆರ್ಭಟದಿಂದ ಶಾಂತಿಗೂ ನಡೆಯುವ ನಡಗೆಯೇ ರಚನೆ. ಮೂಟೆಯ ಯಾವ ಮೂಲೆಯ ಕಾಳೂ ಒಂದೇ; ಇಂಥ ರಚನೆಯ ಯಾವ ಎರಡು ಭಾಗಗಳೂ ಒಂದಲ್ಲ.

‘ಕರ್ಮ’ವನ್ನು ಪ್ರಕಟಿಸಿದುದು ಇಂಪಲ್ಸ್ ಎಂಬ ಸಂಸ್ಥೆ. ಎಬಿಸಿ ಪ್ಯಾರಮೌಂಟ್ ಕಂಪನಿಯ ಜಾಝ್ ಶಾಖೆಯಾಗಿ ೧೯೬೦ರಲ್ಲಿ ಕ್ರೀಡ್ ಟೇಲರ್ ಇದನ್ನು ಸ್ಥಾಪಿಸಿದನು. ೧೯೬೧ರಿಂದ ೧೯೬೯ರವರೆಗೆ ಬಾಬ್ ಥೀಲ್, ಅನಂತರ ಎಡ್ ಮಿಷೆಲ್ ಇದರ ನಿರ್ಮಾಪಕರಾಗಿದ್ದರು. ಕಿತ್ತಳೆ ಕಪ್ಪು ಬಣ್ಣಗಳ ಬೆನ್ನುಪಟ್ಟಿಯಿಂದ ಇದರ ತಟ್ಟೆಗಳನ್ನು ಕಪಾಟಿನಲ್ಲಿ ದೂರದಿಂದಲೇ ಗುರುತಿಸಬಹುದು. ಬಾನಗಿ ತಟ್ಟೆಗಳ ವಿಚಾರಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ೧೯೭೨ರಲ್ಲಿ ಇದು ‘ಎನರ್ಜಿ ಎಸೆನ್ಷಿಯಲ್ಸ್’ ಎಂಬ ಮೂರು ತಟ್ಟೆಗಳ ಸಂಪುಟವನ್ನು ಪ್ರಕಟಿಸಿತು. ಅದರ ಉಪಶೀರ್ಷಿಕೆಯನ್ನು ಕನ್ನಡದಲ್ಲಿ ‘ಹೊಸ ಸಂಗೀತಕ್ಕೆ ವಿಕಾಸಾತ್ಮಕವೂ ಐತಿಹಾಸಿಕವೂ ಆದ ಪ್ರವೇಶಿಕೆ’ ಎನ್ನಬಹುದು. ಅಂಗಡಿಯ ಸರಕಿಗೆ ಪಠ್ಯಪುಸ್ತಕದ ಹೆಸರು! ಕಂಪನಿಯು ತನ್ನ ದಾಸ್ತಾನನ್ನು ತೋರಿಸುವುದರ ಜೊತೆಗೆ, ಒಂದು ಕಲಾಪ್ರಕಾರದ ಚರಿತ್ರೆಯನ್ನೂ ಬರೆಯಹೊರಟಿತೆಂಬುದಕ್ಕೆ ಈ ಉಪಶೀರ್ಷಿಕೆಯೇ ಸಾಕ್ಷಿ. ಆ ಚರಿತ್ರೆಗೆ ಆಕರವಾದುದು ಕಂಪನಿಯ ಸ್ವಂತ ಉಗ್ರಾಣ; ಇತರ ಕಂಪನಿಗಳಿಗಾಗಿ ನುಡಿಸಿದವರು ಎಷ್ಟೇ ದೊಡ್ಡವರಾದರೂ ಅವರ ಆ ಕೃತಿಗಳಿಗೆ ಅದರಲ್ಲಿ ಸಹಜವಾಗಿ ಸ್ಥಳವಿಲ್ಲ. ಬಾನಗಿಯನ್ನು ಚರಿತ್ರೆಯೆಂದು ಓದುವ ವಿದ್ಯಾರ್ಥಿ ಮೊದಲು ಎಚ್ಚರವಹಿಸಬೇಕಾದುದು ಇಲ್ಲಿ.

ಎರಡು ವರ್ಷಗಳ ಅನಂತರ, ೧೯೭೪ರಲ್ಲಿ, ಅದೇ ಸಂಸ್ಥೆಯಿಂದ ‘ನೋ ಎನರ್ಜಿ ಕ್ರೈಸಿಸ್’ ಎಂಬ ಜೋಡಿ ತಟ್ಟೆ ಹೊರಬಂದಿತು. ಹೆಸರಿನ ಶ್ಲೇಷೆಯನ್ನು ಬಿಡಿಸಬೇಕು. ೧೯೭೩ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆಯನ್ನು ತಡೆಹಿಡಿದುದರಿಂದ ಅಮೆರಿಕದಲ್ಲಿ ಇಂಧನಕ್ಕೆ ಹಾಹಾಕಾರವೆದ್ದಿತ್ತು. ನಮ್ಮಲ್ಲಿ ಇಂಧನದ ಕೊರತೆಯಿಲ್ಲ, ನಮ್ಮ ವಾದಕರ ಕಸುವಿಗೆ ಬರಗಾಲವಿಲ್ಲ ಎಂದು ಕಂಪನಿ ಜಂಭ ಕೊಚ್ಚಿಕೊಂಡಿತು. ಇದರಲ್ಲೊಂದು ವಿನೋದವಿದೆ. ವಿನೈಲ್ ತಯಾರಾಗುವುದು ಪೆಟ್ರೋಲಿಯಂ ಮೂಲದ ಎಥಿಲೀನ್ ಮತ್ತು ಕ್ಲೋರಿನ್‌ಗಳಿಂದ. ತೈಲಕ್ಕೆ ಕೊರತೆ ಬಂದರೆ ತಟ್ಟೆಗೂ ಕೊರತೆಯೇ. ಆ ಚಳಿಗಾಲದಲ್ಲಿ ವಿನೈಲಿನ ಅಭಾವ ಇಡೀ ಉದ್ಯಮವನ್ನು ಬಾಧಿಸಿತು. ಹಳೆಯ ತಟ್ಟೆಗಳನ್ನು ಪುಡಿಮಾಡಿ ಹೊಸದಕ್ಕೆ ಬೆರೆಸುವ ಪದ್ಧತಿಯೂ ಇತ್ತು. ಇಂಧನದ ಚಿಂತೆಯಿಲ್ಲವೆಂದು ಸಾರಿದ ತಟ್ಟೆಯೂ ಅದೇ ತೈಲದ ಕೂಸು.

ಇನ್ನು ದೀರ್ಘ ರಚನೆಯನ್ನು ಬಾನಗಿಯಲ್ಲಿ ಅಳವಡಿಸುವ ವಿಧಾನವನ್ನು ನೋಡೋಣ. ಸಂಕಲನಕಾರನ ಮುಂದೆ ಮೂರು ದಾರಿಗಳಿದ್ದವು. ರಚನೆಯ ನಡುವಿನಿಂದ ಒಂದು ತುಂಡನ್ನು ಕತ್ತರಿಸಿಕೊಳ್ಳುವುದು ಒಂದು; ಆರಂಭದಿಂದ ನುಡಿಸಿಕೊಂಡು ಹೋಗಿ ಬೇಕಾದೆಡೆಯಲ್ಲಿ ಧ್ವನಿಯನ್ನು ಕ್ರಮವಾಗಿ ತಗ್ಗಿಸಿ ಅಡಗಿಸಿಬಿಡುವುದು ಇನ್ನೊಂದು; ದೀರ್ಘ ರಚನೆಯ ಗೊಡವೆಯೇ ಬೇಡವೆಂದು ಅದೇ ವಾದಕನ ಚಿಕ್ಕ ರಚನೆಯೊಂದನ್ನು ಆರಿಸಿಕೊಳ್ಳುವುದು ಮೂರನೆಯದು.

ಎರಡನೆಯ ದಾರಿಯಿಂದ ಉಂಟಾಗುವ ಭ್ರಾಂತಿಯನ್ನು ನಾನು ತರಗತಿಯಲ್ಲಿ ಪ್ರತ್ಯಕ್ಷವಾಗಿ ಕಂಡಿದ್ದೇನೆ. ಹೀಗೆ ಅಡಗಿಸಿದ ಒಂದು ರಚನೆಯನ್ನು ವಿದ್ಯಾರ್ಥಿಗಳಿಗೆ ಕೇಳಿಸಿ, ಅದರ ಮುಕ್ತಾಯದ ವಿಷಯವಾಗಿ ಟಿಪ್ಪಣಿ ಬರೆಯಹೇಳಿದೆ. ‘ಸಂಗೀತವು ದಿಗಂತದಲ್ಲಿ ಲೀನವಾಗುತ್ತದೆ’, ‘ವಾದಕನ ವೈರಾಗ್ಯ ಇಲ್ಲಿ ವ್ಯಕ್ತವಾಗಿದೆ’ ಎಂದು ಮೊದಲಾಗಿ ಒಬ್ಬರಿಗಿಂತ ಒಬ್ಬರು ಚೆನ್ನಾಗಿ ಬರೆದರು. ಮೂಲ ತಟ್ಟೆಯಲ್ಲಿ ಆ ಸ್ಥಳದಲ್ಲಿ ಮುಕ್ತಾಯವೇ ಇಲ್ಲವೆಂದೂ, ಮೃದಂಗದ ತನಿಯಂತೆ ಡೋಲುವಾದನ ಆಗತಾನೆ ಆರಂಭವಾಗುತ್ತದೆಂದೂ ತಿಳಿದಾಗ ತರಗತಿ ನಕ್ಕಿತು. ತಪ್ಪು ವಿದ್ಯಾರ್ಥಿಗಳದಲ್ಲ. ಧ್ವನಿ ತಗ್ಗಿಸಿದವನ ಕೈ ವಾದಕನ ಕೈಯಂತೆ ಕಂಡಿತು, ಅಷ್ಟೇ. ತಾಳೆಯೋಲೆಯ ಕಟ್ಟಿನಲ್ಲಿ ಕೊನೆಯ ಗರಿಗಳು ಕಳೆದುಹೋಗಿದ್ದರೆ ನಾವು ‘ಗ್ರಂಥಪಾತ’ ಎಂದು ಗುರುತು ಹಾಕುತ್ತೇವೆ; ಇಲ್ಲಿ ಗ್ರಂಥಪಾತವನ್ನೇ ಸಮಾಪ್ತಿಯಂತೆ ಅಲಂಕರಿಸಲಾಗಿದೆ.

ಮೂರನೆಯ ದಾರಿಯ ಪರಿಣಾಮ ಇದಕ್ಕಿಂತ ಸೂಕ್ಷ್ಮ. ಇದರಲ್ಲಿ ಯಾವ ರಚನೆಗೂ ಕತ್ತರಿ ಬೀಳುವುದಿಲ್ಲ. ಕತ್ತರಿ ಬೀಳುವುದು ವಾದಕನ ಕೀರ್ತಿಗೆ. ಚಿಕ್ಕ ರಚನೆಗಳು ಸಂಕಲನದಿಂದ ಸಂಕಲನಕ್ಕೆ ಸಂಚರಿಸುತ್ತವೆ. ದೊಡ್ಡವು ಮೂಲ ತಟ್ಟೆಯಲ್ಲಿಯೇ ಉಳಿಯುತ್ತವೆ. ಆ್ಯಲಿಸ್ ಕೋಲ್ಟ್ರೇನ್ ಅವರ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತರಿಸಬೇಕು.

ಜಾನ್ ಕೋಲ್ಟ್ರೇನನ ಪತ್ನಿಯಾದ ಈಕೆ ಸ್ವತಃ ಪಿಯಾನೋ ಹಾಗೂ ಹಾರ್ಪ್ ವಾದಕಿ. ೧೯೬೭ರಲ್ಲಿ ಪತಿ ತೀರಿಕೊಂಡ ಬಳಿಕ ಈಕೆ ಸ್ವಾಮಿ ಸಚ್ಚಿದಾನಂದರ ಶಿಷ್ಯೆಯಾದರು. ೧೯೬೯ರ ವುಡ್‌ಸ್ಟಾಕ್ ಸಂಗೀತೋತ್ಸವವನ್ನು ಉದ್ಘಾಟಿಸಿದ ಸ್ವಾಮಿಗಳು ಇವರೇ. ಗುರುವಿನ ಹೆಸರನ್ನೇ ಹೊತ್ತ ‘ಜರ್ನಿ ಇನ್ ಸಚ್ಚಿದಾನಂದ’ ಎಂಬ ತಟ್ಟೆ ೧೯೭೧ರಲ್ಲಿ ಇಂಪಲ್ಸ್‌ನಿಂದ ಪ್ರಕಟವಾಯಿತು. ಅದರ ಮೊದಲ ರಚನೆ ಆರೂವರೆ ನಿಮಿಷಕ್ಕೆ ಸ್ವಲ್ಪ ಮಿಗಿಲು. ಮೊದಲು ತಂಬೂರಿಯ ಶ್ರುತಿ ಕೇಳುತ್ತದೆ. ಅದರೊಳಗಿನಿಂದ ಸೆಸಿಲ್ ಮಕ್‌ಬೀಯ ಬಾಸ್ ಒಂದು ಪಲುಕನ್ನು ಎತ್ತಿಕೊಂಡು ಕೊನೆಯವರೆಗೂ ಬಿಡದೆ ಆವರ್ತಿಸುತ್ತದೆ. ಹಾರ್ಪಿನ ತಂತಿಗಳು ಮಳೆ ಬಂದಂತೆ ಅದರ ಮೇಲೆ ಸುರಿಯುತ್ತವೆ. ಆಮೇಲೆ ಸ್ಯಾಂಡರ್ಸನ ಸೊಪ್ರಾನೋ ಸ್ಯಾಕ್ಸೊಫೋನ್ ಬರುತ್ತದೆ. ಇದನ್ನು ಕೇಳಿದ ಕನ್ನಡಿಗನಿಗೆ ತಂಬೂರಿ ಪರಿಚಿತ, ಆದರೆ ತಂಬೂರಿಯ ಉಪಯೋಗ ಅಪರಿಚಿತ. ನಮ್ಮಲ್ಲಿ ಶ್ರುತಿ ಹಿನ್ನೆಲೆ. ಇಲ್ಲಿ ಅದು ಮುನ್ನೆಲೆಯ ಬಣ್ಣ. ರಾಗವೆಂಬುದು ಇದರಲ್ಲಿ ಇಲ್ಲ, ರಾಗದ ವಾತಾವರಣವಿದೆ.

ಈ ರಚನೆ ಸಂಕಲನಕ್ಕೆ ಹೇಳಿ ಮಾಡಿಸಿದಂತಿದೆ: ಉದ್ದ ಮಿತವಾದದ್ದು, ಆರಂಭ ಆಕರ್ಷಕ, ಮನೋಭಾವ ಒಂದೇ. ಅದೇ ತಟ್ಟೆಯ ಕೊನೆಯ ರಚನೆಯಾದ ‘ಐಸಿಸ್ ಅಂಡ್ ಒಸೈರಿಸ್’ ೧೯೭೦ರ ಜುಲೈ ೪ರಂದು ನ್ಯೂಯಾರ್ಕಿನ ವಿಲೇಜ್ ಗೇಟ್ ಎಂಬಲ್ಲಿ ಶ್ರೋತೃಗಳ ಎದುರಿನಲ್ಲಿ ಮುದ್ರಿತವಾದದ್ದು. ಅದರಲ್ಲಿ ಚಾರ್ಲಿ ಹೇಡನ್ ಬಾಸ್ ನುಡಿಸಿದ್ದಾನೆ, ವಿಷ್ಣು ವುಡ್ ಅರಬ್ಬರ ಊದ್ ವಾದ್ಯವನ್ನು ನುಡಿಸಿದ್ದಾನೆ. ಅದು ಹನ್ನೊಂದು ನಿಮಿಷ ಮೀರಿದ, ಒರಟಾದ, ಕೇಳುಗನಿಂದ ತಾಳ್ಮೆಯನ್ನು ಬೇಡುವ ಸಂಗೀತ. ಅದೇ ವರ್ಷ ಪ್ರಕಟವಾದ ‘ಯೂನಿವರ್ಸಲ್ ಕಾನ್ಷಿಯಸ್‌ನೆಸ್’ ತಟ್ಟೆಯಲ್ಲಿ ಪಿಟೀಲುಗಳು ಆರ್ಗನ್ನಿನೊಡನೆ ಸೆಣಸಾಡುತ್ತವೆ. ಮೊದಲ ರಚನೆಯನ್ನು ಮಾತ್ರ ಬಲ್ಲವರಿಗೆ ಈಕೆ ಧ್ಯಾನದ, ಸಮಾಧಾನದ ಕಲಾವಿದೆ. ಇಡೀ ಕೃತಿಶ್ರೇಣಿಯನ್ನು ಕೇಳಿದವರಿಗೆ ಆ ಸಮಾಧಾನ ಎಷ್ಟು ಸೆಣಸಾಟದ ನಡುವೆ ನಿಂತಿದೆಯೆಂಬುದು ತಿಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಎರಡನೆಯ ಚಿತ್ರವೇ ನಿಜಕ್ಕೆ ಹತ್ತಿರ.

ಇಲ್ಲಿಯವರೆಗೆ ಹೇಳಿದುದರಿಂದ, ಮೂಲ ತಟ್ಟೆ ಪವಿತ್ರ, ಬಾನಗಿ ಅಪವಿತ್ರ ಎಂಬ ಸಿದ್ಧಾಂತಕ್ಕೆ ಯಾರಾದರೂ ಬರಬಹುದು. ಅದು ಸರಿಯಲ್ಲ. ಆ ಕಾಲದ ಮೂಲ ತಟ್ಟೆಗಳಲ್ಲಿ ಕೆಲವು ತಾವೇ ಕತ್ತರಿಯ ಕೂಸುಗಳು. ಮೈಲ್ಸ್ ಡೇವಿಸನ ‘ಇನ್ ಎ ಸೈಲೆಂಟ್ ವೇ’ ತಟ್ಟೆಗಾಗಿ ೧೯೬೯ರ ಫೆಬ್ರವರಿ ೧೮ರಂದು ವಾದನ ನಡೆಯಿತು. ಅದರ ಎರಡನೆಯ ಪಾರ್ಶ್ವದಲ್ಲಿ ಮೊದಲ ನಾಲ್ಕು ನಿಮಿಷದ ಶಾಂತವಾದ ಮಟ್ಟು ಕೊನೆಯಲ್ಲಿ ಮರಳಿ ಬರುತ್ತದೆ. ಕೇಳುಗನಿಗೆ ಪಲ್ಲವಿಗೆ ಹಿಂದಿರುಗಿದ ಸಂತೋಷವಾಗುತ್ತದೆ. ಆದರೆ ವಾದಕರು ಹಿಂದಿರುಗಲೇ ಇಲ್ಲ! ನಿರ್ಮಾಪಕ ಟಿಯೋ ಮಸೇರೊ ಆರಂಭದ ಟೇಪನ್ನೇ ನಕಲುಮಾಡಿ ಕೊನೆಗೆ ಅಂಟಿಸಿದನು. ೧೯೬೯ರ ಆಗಸ್ಟಿನಲ್ಲಿ ಮುದ್ರಿತವಾಗಿ ೧೯೭೦ರಲ್ಲಿ ಪ್ರಕಟವಾದ ‘ಬಿಚಸ್ ಬ್ರೂ’ ಎಂಬ ಜೋಡಿ ತಟ್ಟೆಯಲ್ಲಿ ಈ ಕೌಶಲ ಇನ್ನೂ ಮುಂದುವರಿಯಿತು: ಇಪ್ಪತ್ತು ನಿಮಿಷದ ‘ಫೇರೋಸ್ ಡ್ಯಾನ್ಸ್’ ಅನೇಕ ತುಂಡುಗಳನ್ನು ಹೊಲಿದು ಸಿದ್ಧಪಡಿಸಿದ ರಚನೆ. ಹಾಗಿರಲು ಕತ್ತರಿಯನ್ನು ಕತ್ತರಿಯೆಂಬ ಕಾರಣಕ್ಕೆ ನಿಂದಿಸಲಾಗದು. ಕೇಳಬೇಕಾದ ಪ್ರಶ್ನೆ ಬೇರೆ: ಕತ್ತರಿಯು ರಚನೆಗೆ ಆಕಾರ ಕೊಡಲು ಆಡಿತೇ, ಅಥವಾ ಅಳತೆಗೆ ಹೊಂದಿಸಲು ಆಡಿತೇ? ಮಸೇರೊವಿನದು ಮೊದಲನೆಯದು, ಬಾನಗಿಯದು ಎರಡನೆಯದು.

ವಾದಕರೇ ಅಳತೆಗೆ ಒಪ್ಪಿದ ಸಂದರ್ಭಗಳೂ ಇಲ್ಲದಿಲ್ಲ. ೩೩ ನಿಮಿಷದ ‘ಮಾಸ್ಟರ್ ಪ್ಲಾನ್’ ಅನ್ನೇ ಲಿಯಾನ್ ಥಾಮಸ್ ೧೯೬೯ರ ತನ್ನ ಸ್ವಂತ ತಟ್ಟೆಯಲ್ಲಿ ಸುಮಾರು ನಾಲ್ಕು ನಿಮಿಷದ ಹಾಡನ್ನಾಗಿ ಹಾಡಿದ್ದಾನೆ. ಸ್ಯಾಂಡರ್ಸನೇ ‘ಲಿಟಲ್ ರಾಕ್’ ಎಂಬ ಗುಪ್ತನಾಮದಿಂದ ಅದರಲ್ಲಿ ನುಡಿಸಿದ್ದಾನೆ. ಬ್ರೆಜಿಲ್ ದೇಶದ ಡಿಯೋಡಾಟೋ ಸಿದ್ಧಪಡಿಸಿದ ‘ಆಲ್ಸೋ ಸ್ಪ್ರಾಖ್ ಜಾರತುಸ್ತ್ರ’ ಒಂಬತ್ತು ನಿಮಿಷದ್ದು. ೧೯೭೩ರಲ್ಲಿ ಅದನ್ನು ಮೊಟಕುಗೊಳಿಸಿ ಚಿಕ್ಕ ತಟ್ಟೆಯಾಗಿ ಹೊರಡಿಸಿದಾಗ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನದವರೆಗೆ ಏರಿತು. ಅದೇ ವರ್ಷದ ಹರ್ಬಿ ಹ್ಯಾನ್‌ಕಾಕನ ‘ಕಮೀಲಿಯನ್’ ಸಹ ಹದಿನೈದು ನಿಮಿಷ ಮೀರಿದ್ದು, ಚಿಕ್ಕ ತಟ್ಟೆಗಾಗಿ ಮೂರು ನಿಮಿಷದ ಆಸುಪಾಸಿಗೆ ಇಳಿಯಿತು. ಇವೆರಡೂ ಒಂದು ಲಯದ ಮೇಲೆ ನಿಂತ ರಚನೆಗಳಾದುದರಿಂದ ಕತ್ತರಿಯ ಪೆಟ್ಟನ್ನು ತಡೆದುಕೊಂಡವು.

ಸಂಕಲನದ ಕ್ರಮದಲ್ಲಿಯೂ ಯಂತ್ರದ ಕೈವಾಡವಿರುವುದನ್ನು ಅನೇಕರು ಗಮನಿಸಿಲ್ಲ. ತಟ್ಟೆ ತಿರುಗುವ ವೇಗ ಒಂದೇ ಆದರೂ, ಹೊರಗಿನ ಸುತ್ತು ದೊಡ್ಡದು, ಒಳಗಿನ ಸುತ್ತು ಚಿಕ್ಕದು. ಲೆಕ್ಕ ಹಾಕಿದರೆ, ಹನ್ನೆರಡು ಅಂಗುಲದ ತಟ್ಟೆಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು ೫೦ ಸೆಂಟಿಮೀಟರ್ ಗೆರೆ ಹಾದುಹೋಗುತ್ತದೆ. ಒಳ ಅಂಚಿನಲ್ಲಿ ಸುಮಾರು ೨೧ ಸೆಂಟಿಮೀಟರ್ ಮಾತ್ರ. ಅಷ್ಟೇ ನಾದವನ್ನು ಅರ್ಧಕ್ಕಿಂತ ಕಡಮೆ ಜಾಗದಲ್ಲಿ ಕೊರೆಯಬೇಕಾಗುವುದರಿಂದ ಒಳಸುತ್ತಿನಲ್ಲಿ ತಾರಸ್ವರಗಳು ಸೀಳುತ್ತವೆ. ಗಟ್ಟಿಯಾದ ಮಂದ್ರನಾದಕ್ಕಾದರೋ ಗೆರೆ ಹೆಚ್ಚು ಅಗಲಕ್ಕೆ ಓಲಾಡಬೇಕು. ಹಾಗೆ ಓಲಾಡಿದರೆ ಪಾರ್ಶ್ವದಲ್ಲಿ ಹಿಡಿಯುವ ಕಾಲ ಕಡಮೆಯಾಗುತ್ತದೆ. ಆದಕಾರಣ ಆರ್ಭಟದ ರಚನೆಯನ್ನು ಪಾರ್ಶ್ವದ ಆರಂಭದಲ್ಲಿಯೂ ಮೆಲುದನಿಯದನ್ನು ಕೊನೆಯಲ್ಲಿಯೂ ಇಡುವುದು ಅನುಕೂಲ. ಆರ್ಭಟದಿಂದ ಶಾಂತಿಗೆ ಇಳಿಯುವ ಆ ಕ್ರಮದಲ್ಲಿ ಸಂಪಾದಕನ ರಸದೃಷ್ಟಿಯನ್ನು ಹುಡುಕುವ ಮೊದಲು ಈ ರೇಖಾಗಣಿತವನ್ನು ನೆನೆಯುವುದು ಒಳ್ಳೆಯದು.

ಬಾನಗಿ ತಟ್ಟೆಯ ಇನ್ನೊಂದು ಕೊರತೆ ನಾಮಲೋಪ. ಮುಖ್ಯ ವಾದಕನ ಹೆಸರು ಇರುತ್ತದೆ; ಪಕ್ಕವಾದ್ಯದವರ ಹೆಸರುಗಳನ್ನು ಎಷ್ಟೋ ಬಾನಗಿಗಳು ಕೈಬಿಟ್ಟಿವೆ. ಇದು ನಮಗೆ ವಿಶೇಷವಾಗಿ ಸಂಬಂಧಿಸಿದ ಸಂಗತಿ; ಏಕೆಂದರೆ ಆ ವರ್ಷಗಳ ಜಾಝ್‌ನಲ್ಲಿ ನಮ್ಮ ದೇಶದ ಮತ್ತು ಉಪಖಂಡದ ಕಲಾವಿದರು ಹಲವೆಡೆ ಮುಖ್ಯಸ್ಥಾನದಲ್ಲಿರದೆ ಪಕ್ಕದಲ್ಲಿದ್ದರು. ಆರ್ನೆಟ್ ಕೋಲ್ಮನ್ನನ ‘ಸೈನ್ಸ್ ಫಿಕ್ಷನ್’ (೧೯೭೨) ತಟ್ಟೆಯಲ್ಲಿ ಎರಡು ಹಾಡುಗಳನ್ನು ಹಾಡಿದವರು ಮುಂಬಯಿಯ ಆಶಾ ಪುತ್ಲಿ. ಮೈಲ್ಸ್ ಡೇವಿಸನ ‘ಆನ್ ದ ಕಾರ್ನರ್’ (೧೯೭೨) ತಟ್ಟೆಯಲ್ಲಿ ತಬಲಾ ನುಡಿಸಿದವರು ಬಂಗಾಳದ ಬಾದಲ್ ರಾಯ್. ನ್ಯಾಯವಾಗಿ ಹೇಳಬೇಕೆಂದರೆ, ಈ ಎರಡನೆಯದರಲ್ಲಿ ಮೂಲ ತಟ್ಟೆಯೇ ತಪ್ಪಿತಸ್ಥ: ಅದು ಮೊದಲು ಹೊರಬಂದಾಗ ಅದರ ಹೊದಿಕೆಯ ಮೇಲೆ ಯಾವ ಪಕ್ಕವಾದ್ಯದವರ ಹೆಸರೂ ಇರಲಿಲ್ಲ. ಗಿಟಾರ್ ವಾದಕ ಜಾನ್ ಮಕ್‌ಲಾಫ್ಲಿನ್ನನಿಗೆ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವೀಣೆ ಕಲಿಸಿದವರು ವಿದ್ವಾನ್ ಎಸ್. ರಾಮನಾಥನ್. ಆತನ ಮಹಾವಿಷ್ಣು ಆರ್ಕೆಸ್ಟ್ರಾದ ವಿಷಮ ಲಯಗಳನ್ನು ಕೇಳುವಾಗ ಈ ಗುರುಶಿಷ್ಯ ಸಂಬಂಧವನ್ನು ನೆನೆಯಬೇಕು; ಯಾವ ತಟ್ಟೆಯ ಪಟ್ಟಿಯಲ್ಲಿಯೂ ಗುರುವಿನ ಹೆಸರಿಗೆ ಅಂಕಣವಿಲ್ಲ. ಈ ಮಾತಿನ ನಡುವೆ ನಮ್ಮ ನಾಡಿನ ಒಂದು ಸಂಗತಿಯನ್ನೂ ಸೇರಿಸಬಹುದು. ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಾಗಸ್ವರವನ್ನೂ ಅಭ್ಯಾಸ ಮಾಡಿದವನು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದವರಾದ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಮೊದಲಾದವರೊಡನೆ ೧೯೮೩ರಲ್ಲಿ ‘ಜ್ಯೋತಿ’ ಎಂಬ ತಟ್ಟೆಯನ್ನು ನುಡಿಸಿದನು. ಅದು ನಮ್ಮ ಕಾಲಾವಧಿಗೆ ಹೊರಗಿನದು. ಆದರೆ ಆ ಹೊತ್ತಿಗೆ ಪಕ್ಕದಲ್ಲಿದ್ದ ಹೆಸರು ತಟ್ಟೆಯ ಮುಖಕ್ಕೆ ಬಂದಿತ್ತು.

ಹೀಗೆ ಕೊರತೆಗಳನ್ನೆಲ್ಲ ಎಣಿಸಿದ ಮೇಲೂ ಬಾನಗಿ ತಟ್ಟೆಯನ್ನು ತಳ್ಳಿಹಾಕುವಂತಿಲ್ಲ. ೧೨೪೫ರ ಸುಮಾರಿನಲ್ಲಿ ಮಲ್ಲಿಕಾರ್ಜುನನು ಸಂಗ್ರಹಿಸಿದ ಸೂಕ್ತಿಸುಧಾರ್ಣವವನ್ನು ನಮ್ಮ ವಿದ್ವಾಂಸರು ಏಕೆ ಆದರಿಸುತ್ತಾರೆ? ಕಾವ್ಯಗಳಿಂದ ವರ್ಣನೆಗಳನ್ನು ಮಾತ್ರ ಕಿತ್ತುಕೊಂಡು, ಕಥಾಸಂದರ್ಭವನ್ನು ಬಿಟ್ಟು, ವಿಷಯಾನುಸಾರ ಜೋಡಿಸಿದ ಗ್ರಂಥವದು. ಕಾ‍ವ್ಯದ ಸಮಗ್ರತೆಗೆ ಅದರಲ್ಲಿ ಬೆಲೆಯಿಲ್ಲ. ಆದರೂ ಇಂದು ದೊರೆಯದ ಕೃತಿಗಳ ಪದ್ಯಗಳು ಅದರಲ್ಲಿ ಉಳಿದುಬಂದಿವೆ. ಧ್ವನಿಮುದ್ರಿಕೆಗಳ ವಿಷಯದಲ್ಲಿ ಇಂಥ ಅಪಾಯ ಕಾಲ್ಪನಿಕವಲ್ಲ. ಎಬಿಸಿ ಕಂಪನಿಯನ್ನು ೧೯೭೯ರಲ್ಲಿ ಎಂಸಿಎ ಕೊಂಡಿತು. ಇಂಪಲ್ಸ್‌ನ ಮೂಲ ಟೇಪುಗಳು ಕೈಯಿಂದ ಕೈಗೆ ದಾಟಿದವು. ೨೦೦೮ರ ಜೂನ್ ೧ರಂದು ಲಾಸ್ ಏಂಜಲೀಸ್ ಬಳಿಯ ಯೂನಿವರ್ಸಲ್ ಸ್ಟುಡಿಯೋಸ್ ಆವರಣದಲ್ಲಿ ಬೆಂಕಿ ಬಿದ್ದು ಟೇಪುಗಳ ಉಗ್ರಾಣವೊಂದು ಸುಟ್ಟಿತು. ಅದರಲ್ಲಿ ಇಂಪಲ್ಸ್‌ನ ಟೇಪುಗಳೂ ನಷ್ಟವಾದವೆಂದು ೨೦೧೯ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವರದಿ ಮಾಡಿತು. ನಷ್ಟ ಅಷ್ಟು ದೊಡ್ಡದಲ್ಲವೆಂದು ಕಂಪನಿ ವಾದಿಸಿತು. ನಷ್ಟದ ಪ್ರಮಾಣ ಎಷ್ಟೇ ಇರಲಿ, ಮೂಲ ಟೇಪು ಸುಟ್ಟುಹೋದ ರಚನೆಗೆ ೧೯೭೨ರಲ್ಲಿಯೋ ೧೯೭೪ರಲ್ಲಿಯೋ ಒತ್ತಿದ ತಟ್ಟೆಯೇ, ಅದು ಬಾನಗಿಯಾದರೂ ಸರಿ, ಒಂದು ಪ್ರತಿಯಾಗುತ್ತದೆ. ಗ್ರಂಥಸಂಪಾದನೆಯಲ್ಲಿ ಪ್ರತಿಯನ್ನು ಪ್ರತಿಯೆಂದು ತಿಳಿದು ಬಳಸುತ್ತೇವೆ, ಅದರ ಪಾಠವನ್ನು ಕುರುಡಾಗಿ ಒಪ್ಪುವುದಿಲ್ಲ.

ಇಂಥ ತಟ್ಟೆಗಳು ನಮ್ಮ ಕಾಲೇಜುಗಳ ಗ್ರಂಥಭಂಡಾರಗಳಿಗೆ ದಾನವಾಗಿ ಬಂದಾಗ ಅವನ್ನು ‘ವಿವಿಧ’ ಎಂಬ ಒಂದೇ ಶೀರ್ಷಿಕೆಯಡಿ ಸೇರಿಸಿಬಿಡುವ ರೂಢಿಯಿದೆ. ಅದರ ಬದಲು ಒಂದೊಂದು ರಚನೆಗೂ ಪ್ರತ್ಯೇಕ ಚೀಟಿ ಬರೆದು, ಮೂಲ ತಟ್ಟೆಯ ಹೆಸರು, ಮುದ್ರಣವಾದ ದಿನ, ನುಡಿಸಿದ ಎಲ್ಲರ ಹೆಸರು, ಮೂಲದಲ್ಲಿರುವ ಕಾಲ, ಬಾನಗಿಯಲ್ಲಿರುವ ಕಾಲ ಇವನ್ನು ನಮೂದಿಸಬೇಕು. ಕಾಲಗಳೆರಡೂ ಒಂದೇ ಆಗಿದ್ದರೆ ರಚನೆ ಇಡಿಯಾಗಿದೆ. ವ್ಯತ್ಯಾಸವಿದ್ದರೆ ಕತ್ತರಿ ಎಲ್ಲಿ ಬಿದ್ದಿದೆಯೆಂಬುದನ್ನು ಕೇಳಿ ಬರೆಯಬೇಕು. ತಟ್ಟೆಯ ಒಳಗಡೆ ಕೊನೆಯ ಗೆರೆಗೂ ಕಾಗದದ ಬಿಲ್ಲೆಗೂ ನಡುವೆ ಬರಿದಾದ ಒಂದು ವಲಯವಿರುತ್ತದೆ. ಅಚ್ಚು ಕೊರೆದವರು ಅಲ್ಲಿ ಅಂಕಿಗಳನ್ನೂ ಒಮ್ಮೊಮ್ಮೆ ತಮ್ಮ ಹೆಸರನ್ನೂ ಗೀಚಿರುತ್ತಾರೆ. ಇಂಪಲ್ಸ್‌ನ ಆರಂಭದ ವರ್ಷಗಳ ತಟ್ಟೆಗಳಲ್ಲಿ ರೂಡಿ ವ್ಯಾನ್ ಗೆಲ್ಡರನ ಹೆಸರು ಹೀಗೆ ದೊರೆಯುತ್ತದೆ. ಅದನ್ನು ಓದಲು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಸವೆದ ಶಾಸನದ ಅಕ್ಷರವನ್ನು ಓದುವಾಗ ನಾವು ಮಾಡುವಂತೆ.